ಮೈಗಳ್ಳ ಅನ್ನುವ ಮುಂಚೆ



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರನ್ನು ಕರೆಸುತ್ತೇವೆ. ಮಗನೋ ಮಗಳೋ ಹದಿನೈದು ದಿನ ಉಣ್ಣದೆ, ನಿದ್ದೆಗೆಟ್ಟು ಕುಂತರೆ ಮೈಗಳ್ಳತನ ಅಂತ ಬೈತೀವಿ. ಇದು ಯಾವ ನ್ಯಾಯ?

ಗಲಗಲಿಯಂಥ ಕೃಷ್ಣಾ ದಂಡೆಯ ಊರಲ್ಲಿ ನೀರುಂಟು, ಕಬ್ಬುಂಟು, ಸಾಲವೂ ಉಂಟು. ಕಬ್ಬು ಕೊಟ್ಟ 14 ದಿನದೊಳಗೆ ರೊಕ್ಕ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆ ಬಿಲ್ಲು ತಡವಾದಷ್ಟೂ ಮನೆಯಲ್ಲಿ ಜಗಳ. ಬಾಗಿಲ ಹಿಂದೆ ನಿಂತ ಹುಡುಗ ಎಲ್ಲಾ ಕೇಳ್ತಾನೆ. 'ನನ್ನ ಓದಿನ ಖರ್ಚಿನಿಂದಲೇ ಹೀಗಾಯ್ತು' ಅಂತ ತನ್ನನ್ನೇ ಹಳಿದುಕೊಳ್ಳುವುದು, ಅದನ್ನೇ ರಾತ್ರಿಯೆಲ್ಲ ಮೆಲುಕು ಹಾಕುವುದು, ಒಮ್ಮೆ ನಪಾಸಾದರೆ ಬಾಳೇ ಮುಗಿಯಿತೆಂದು ನಂಬುವುದು: ಆತಂಕ, ಖಿನ್ನತೆ ಬೇರು ಬಿಡುವುದು ಇಂಥಲ್ಲೇ. ಅದರ ಮೇಲೆ 'ಬಾಜೂಮನೆಯವನ್ನ ನೋಡಿ ಕಲಿ' ಅನ್ನೋ ಮಾತು ಬೇರೆ. (ನಾನೂ ಅಂದವನೇ.)

ಸಾಲದ ಲೆಕ್ಕ ಮಕ್ಕಳಿಂದ ಮುಚ್ಚಿಡಬೇಡಿ. 'ಇದು ನಿನ್ನ ತಪ್ಪಲ್ಲ' ಅಂತ ಬಾಯಿಬಿಟ್ಟು ಹೇಳಿರಿ. ಸಾಯುವ ಮಾತು ಬಂದರೆ ಹಗುರ ಮಾಡಬೇಡಿ. ಒಬ್ಬರನ್ನೇ ಬಿಡಬೇಡಿ, ಎಣ್ಣೆ ಹೊಡೆಯುವ ಔಷಧದ ಡಬ್ಬಿಗೆ ಕೀಲಿ ಹಾಕಿರಿ. 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್, ನಂಬರು 14416, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ದೇವರ ಕೇಳಿಕೆಗೆ ಹೋಗುವವರು ಹೋಗಿರಿ, ಆದರೆ ಮೊದಲು ಆ ಫೋನು ಹಚ್ಚಿರಿ.