ಕೋಳಿಯ ಆಹಾರದಲ್ಲಿ ಮದ್ದೇಕೆ?

ರೋಗ ಬಂದ ಕೋಳಿಗೆ ಪಶುವೈದ್ಯರು ಹೇಳಿದ ಮದ್ದು ಕೊಡುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಬೇಗ ತೂಕ ಬರಲೆಂದು ಆರೋಗ್ಯವಾಗಿರುವ ಕೋಳಿಯ ಆಹಾರಕ್ಕೂ ಆಂಟಿಬಯೋಟಿಕ್ ಬೆರೆಸುವುದು ಮಾತ್ರ ತಪ್ಪು. ಅಲ್ಪಸ್ವಲ್ಪ ಮದ್ದಿಗೆ ಜಗ್ಗದ ರೋಗಾಣುಗಳು ಉಳಿದು ಹೆಚ್ಚುತ್ತವೆ; ಮಾಂಸದಲ್ಲಷ್ಟೇ ಅಲ್ಲ, ನಾವು ಅಡಿಕೆ ತೋಟಕ್ಕೆ ಹಾಕುವ ಕೋಳಿಗೊಬ್ಬರದಲ್ಲೂ ಬರುತ್ತವೆ.

ಬೇರೆ ಮದ್ದು ನಾಟದ ರೋಗಿಗೆ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವ ಔಷಧ ಕೊಲಿಸ್ಟಿನ್. ಅದನ್ನು ಸೋಲಿಸುವ ಗುಣ ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟುತ್ತದೆಂದು 2015ರಲ್ಲಿ ಚೀನಾದಲ್ಲಿ ಕಂಡುಬಂತು. ಕೋಳಿಗೆ ಅದನ್ನು ಕೊಡುವುದನ್ನು ಕೇಂದ್ರ ಸರಕಾರ 2019ರ ಜುಲೈಯಲ್ಲಿ ನಿಷೇಧಿಸಿತು. ತಡವಾಯಿತು, ಆದರೂ ಒಳ್ಳೆಯದೇ. ಒಂದು ಮದ್ದು ನಿಂತರೆ ಚಾಳಿ ನಿಲ್ಲದು. ಕಂಪನಿಯವರೇ ತಂದು ಇಳಿಸುವ ಆಹಾರವಾದರೂ ಚೀಲದೊಳಗೆ ಏನಿದೆಯೆಂದು ಕೋಳಿ ಸಾಕುವ ನಮ್ಮ ಬಾಂಧವರು ಕೇಳಲೇಬೇಕು.

ಚೆನ್ನಾಗಿ ಬೇಯಿಸಿದರೆ ಸಾಲ್ಮೊನೆಲ್ಲಾ ಸಾಯುತ್ತದೆ, ಮದ್ದಿಗೆ ಜಗ್ಗದ್ದೂ ಸಾಯುತ್ತದೆ. ಹಸಿ ಕೋಳಿ ಕೊಯ್ದ ಮೆಟ್ಟುಕತ್ತಿಯನ್ನು ಸಾಬೂನಿನಿಂದ ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ.