ನಮ್ಮವನಾದರೆ ಸಾಕೇ?

ಚುನಾವಣೆ ಹತ್ತಿರ ಬಂತೆಂದರೆ ಮನೆಯಲ್ಲಿ, ಅಂಗಡಿಯಲ್ಲಿ, ಮಸೀದಿಯ ಅಂಗಳದಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: “ಅವ ನಮ್ಮವನಾ?” ಕೆಲಸ ಮಾಡಿದ್ದಾನಾ, ಲೆಕ್ಕ ಕೊಟ್ಟಿದ್ದಾನಾ ಎಂಬ ಪ್ರಶ್ನೆ ಆಮೇಲೆ. ಕೆಲವೊಮ್ಮೆ ಅದು ಬರುವುದೇ ಇಲ್ಲ. ಇದು ನಮ್ಮ ಸಮುದಾಯದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ ಒಂದು ನಗರದಲ್ಲಿ ಮೇಯರ್ ಚುನಾವಣೆ ಇದೇ ಪ್ರಶ್ನೆಯ ಮೇಲೆ ನಡೆದದ್ದುಂಟು. ಅದನ್ನು ಚಿತ್ರಿಸಿದ ಸಾಕ್ಷ್ಯಚಿತ್ರದ ಹೆಸರು ‘ಸ್ಟ್ರೀಟ್ ಫೈಟ್’, ಅಂದರೆ ಬೀದಿ ಜಗಳ. ಮಾರ್ಷಲ್ ಕರಿ ನಿರ್ದೇಶಿಸಿದ ಈ ಚಿತ್ರ 2005ರಲ್ಲಿ ಬಂತು, ಆಸ್ಕರ್ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿತು.

ನಗರ ನ್ಯೂಜೆರ್ಸಿ ರಾಜ್ಯದ ನೆವಾರ್ಕ್. ಅಲ್ಲಿ ಕಪ್ಪು ಜನಾಂಗದವರ ಸಂಖ್ಯೆ ದೊಡ್ಡದು. 1967ರಲ್ಲಿ ಪೊಲೀಸರು ಕಪ್ಪು ಜನಾಂಗದ ಟ್ಯಾಕ್ಸಿ ಚಾಲಕನೊಬ್ಬನನ್ನು ಹೊಡೆದದ್ದೇ ಕಾರಣವಾಗಿ ದಂಗೆ ಹೊತ್ತಿ, ಕೆಲವೇ ದಿನಗಳಲ್ಲಿ 26 ಜೀವ ಹೋಯಿತು. ಮೂರು ವರ್ಷದ ನಂತರ, 1970ರಲ್ಲಿ, ಕೆನೆತ್ ಗಿಬ್ಸನ್ ಆ ನಗರದ ಮೊದಲ ಕಪ್ಪು ಮೇಯರ್ ಆದರು. 1986ರಲ್ಲಿ ಅವರನ್ನು ಸೋಲಿಸಿ ಶಾರ್ಪ್ ಜೇಮ್ಸ್ ಬಂದರು. ಅಷ್ಟೊಂದು ನೋವು ತಿಂದ ಜನ ತಮ್ಮವನೊಬ್ಬ ಕುರ್ಚಿಯಲ್ಲಿ ಕೂತದ್ದನ್ನು ಕಂಡು ಸಂತೋಷಪಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ. ಆ ಸಂತೋಷ ನಮಗೆ ಅರ್ಥವಾಗುತ್ತದೆ.

ಜೇಮ್ಸ್ ನಾಲ್ಕು ಅವಧಿ ಮುಗಿಸಿ 2002ರಲ್ಲಿ ಐದನೆಯದಕ್ಕೆ ನಿಂತರು. ಎದುರಾಳಿ ಕೋರಿ ಬುಕರ್, 33ರ ತರುಣ, ನಗರ ಸಭೆಯ ಸದಸ್ಯ. ಅವರೂ ಕಪ್ಪು ಜನಾಂಗದವರೇ, ಅವರೂ ಡೆಮಾಕ್ರಟಿಕ್ ಪಕ್ಷದವರೇ. ಬಡವರು ವಾಸಿಸುವ ಬ್ರಿಕ್ ಟವರ್ಸ್ ಎಂಬ ವಸತಿ ಕಟ್ಟಡದಲ್ಲೇ ಮನೆ ಮಾಡಿದ್ದರು. ಹಾಗಾದರೆ ಅವರನ್ನು ಎದುರಿಸುವುದು ಹೇಗೆ? ಜೇಮ್ಸ್ ಪಾಳಯ ಹಿಡಿದ ದಾರಿ ಸುಲಭದ್ದು: ಇವ ನಮ್ಮವನೇ ಅಲ್ಲ! ಬಿಳಿಯರ ಊರಲ್ಲಿ ಬೆಳೆದವ, ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್, ಯೇಲ್‌ನಲ್ಲಿ ಓದಿದವ, ಹೊರಗಿನವರ ಹಣದಲ್ಲಿ ನಿಂತವ, ಒಳಗೊಳಗೆ ರಿಪಬ್ಲಿಕನ್, ಯಹೂದಿ ಎಂದೆಲ್ಲ ಹಬ್ಬಿಸಿದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಒಬ್ಬರ ಧರ್ಮದ ಹೆಸರನ್ನೇ ಬೈಗುಳದ ಹಾಗೆ ಬಳಸಿದರೆ ಎಷ್ಟು ನೋವಾಗುತ್ತದೆ ಎಂದು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಅದು ಗೊತ್ತಿರುವ ನಾವು ಇನ್ನೊಬ್ಬರ ಹೆಸರನ್ನು ಹಾಗೆ ಬಳಸಬಾರದು. ನಮ್ಮೊಳಗೇ ಸುನ್ನಿ, ಸಲಫಿ, ಆ ಸಂಘಟನೆ, ಈ ಸಂಘಟನೆ ಎಂದು ಒಬ್ಬನನ್ನು ಚುನಾವಣೆಗಾಗಿ ಹೊರಗೆ ಹಾಕುವುದೂ ಇದೇ ಜಾತಿಯ ಕೆಲಸ.

ಮಾತಿನಿಂದ ಆಗದ್ದನ್ನು ಅಧಿಕಾರದಿಂದ ಮಾಡಿದ್ದನ್ನೂ ಚಿತ್ರ ತೋರಿಸುತ್ತದೆ. ಬುಕರ್ ಪೋಸ್ಟರ್ ಹಾಕಿದ ಅಂಗಡಿಯವರಿಗೆ ನಗರಾಡಳಿತದ ಅಧಿಕಾರಿಗಳ ಕಾಟ. ಪೋಸ್ಟರ್‌ಗಳು ಮಾಯ. ಮೇಯರ್ ಹತ್ತಿರ ಹೋದ ನಿರ್ದೇಶಕರ ಕ್ಯಾಮೆರಾಕ್ಕೆ ಪೊಲೀಸರ ತಡೆ. ಮತದಾನದ ದಿನ ಕೇಂದ್ರ ಸರಕಾರವೇ ವೀಕ್ಷಕರನ್ನು ಕಳಿಸಬೇಕಾಯಿತು. ಜೇಮ್ಸ್ ಕ್ಯಾಮೆರಾವನ್ನು ದೂರ ಇಟ್ಟದ್ದರಿಂದ ಚಿತ್ರ ಹೆಚ್ಚಾಗಿ ಬುಕರ್ ಕಡೆಯಿಂದಲೇ ನೋಡುತ್ತದೆ. ನೋಡುವವರು ಅದನ್ನೂ ನೆನಪಿಟ್ಟುಕೊಳ್ಳಬೇಕು. ಕೊನೆಗೆ ಸುಮಾರು ಶೇ. 53 ಮತ ಪಡೆದು ಜೇಮ್ಸ್ ಗೆದ್ದರು.

ಮುಂದೇನಾಯಿತು? 2006ರಲ್ಲಿ ಜೇಮ್ಸ್ ನಿಲ್ಲಲಿಲ್ಲ, ಬುಕರ್ ಭಾರೀ ಅಂತರದಿಂದ ಗೆದ್ದರು. 2008ರಲ್ಲಿ ನಗರದ ನಿವೇಶನಗಳನ್ನು ತಮ್ಮ ಆಪ್ತರಿಗೆ ಕಡಿಮೆ ಬೆಲೆಗೆ ಸಿಗುವಂತೆ ಮಾಡಿದ ಪ್ರಕರಣದಲ್ಲಿ ಜೇಮ್ಸ್ ಅಪರಾಧಿ ಎಂದು ತೀರ್ಮಾನವಾಗಿ 27 ತಿಂಗಳ ಶಿಕ್ಷೆಯಾಯಿತು. ಆ ನಿವೇಶನ ಯಾರದ್ದು? ‘ನಮ್ಮವ’ ಎಂದು ಓಟು ಹಾಕಿದ ಅದೇ ಬಡವರದ್ದು!

ಹಾಗೆಂದು ಬುಕರ್‌ರನ್ನು ತಲೆ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. 2010ರಲ್ಲಿ ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್ ನೆವಾರ್ಕ್ ಶಾಲೆಗಳಿಗೆ 10 ಕೋಟಿ ಡಾಲರ್ ಘೋಷಿಸಿದಾಗ, ಅದರ ಬಗ್ಗೆ ಮಕ್ಕಳ ತಂದೆತಾಯಿಯನ್ನು ಮೊದಲು ಕೇಳಲೇ ಇಲ್ಲ ಎಂಬ ಆಕ್ಷೇಪ ಬುಕರ್ ಮೇಲೆಯೇ ಬಂತು. ಹಳಬ ಹೋಗಿ ಹೊಸಬ ಬಂದರೂ ಪ್ರಶ್ನೆ ಕೇಳುವ ಕೆಲಸ ಮುಗಿಯುವುದಿಲ್ಲ.

ನಮ್ಮ ದೀನ್ ಈ ವಿಷಯದಲ್ಲಿ ಗೊಂದಲಕ್ಕೆ ಎಡೆಕೊಟ್ಟಿಲ್ಲ. ಮತವನ್ನು ಶಹಾದತ್, ಅಂದರೆ ಸಾಕ್ಷ್ಯ ಎಂದು ವಿವರಿಸಿದ ಉಲಮಾಗಳಿದ್ದಾರೆ. ಸಾಕ್ಷ್ಯದ ವಿಷಯದಲ್ಲಿ ಸೂರಾ ಅನ್ನಿಸಾ ನೀಡುವ ಆದೇಶ ಗೊತ್ತಲ್ವಾ? ಸ್ವಂತಕ್ಕೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರವೇ ನಿಲ್ಲಬೇಕು. ತನ್ನವರ ಅನ್ಯಾಯಕ್ಕೆ ನೆರವಾಗುವುದೇ ಅಸಬಿಯ್ಯತ್ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಅನ್ಯಾಯ ಮಾಡುವ ಸಹೋದರನಿಗೂ ಸಹಾಯ ಮಾಡಬೇಕು, ಆದರೆ ಆ ಸಹಾಯ ಅವನ ಕೈ ಹಿಡಿದು ತಡೆಯುವುದು ಎಂಬ ಹದೀಸನ್ನು ನಮ್ಮ ಮದ್ರಸದ ಮಕ್ಕಳೂ ಕಲಿಯುತ್ತಾರೆ.

ನಮ್ಮ ಮಂಗಳೂರಿನಲ್ಲಿ ಮೇಯರ್‌ನನ್ನು ಜನ ನೇರವಾಗಿ ಆರಿಸುವುದಿಲ್ಲ, ಕಾರ್ಪೊರೇಟರುಗಳು ಸೇರಿ ಆರಿಸುತ್ತಾರೆ. ಆದ್ದರಿಂದ ನಮ್ಮ ಕೈಯಲ್ಲಿರುವುದು ವಾರ್ಡ್. ಚರಂಡಿ, ಕುಡಿಯುವ ನೀರು, ಕಸ, ದಾರಿದೀಪ ಎಲ್ಲ ಅಲ್ಲಿಂದಲೇ. ಮಳೆಗಾಲದಲ್ಲಿ ತೋಡು ತುಂಬಿ ಮನೆಯೊಳಗೆ ನೀರು ಬರುವಾಗ ಅದು ಇವ ಬ್ಯಾರಿ, ಅವ ಅಲ್ಲ ಎಂದು ನೋಡಿ ಬರುವುದಿಲ್ಲ. ಓಟು ಕೇಳಲು ಬಂದವರು ಯಾವ ಸಮುದಾಯದವರೇ ಆಗಲಿ, ಯಾವ ಪಕ್ಷದವರೇ ಆಗಲಿ, ಕೇಳಬೇಕಾದದ್ದು ಮೂರು ಮಾತು: ಇಷ್ಟರವರೆಗೆ ಏನು ಮಾಡಿದಿರಿ? ಹಣದ ಲೆಕ್ಕ ಎಲ್ಲಿ ಸಿಗುತ್ತದೆ? ಗೆದ್ದ ಮೇಲೆ ನಿಮ್ಮನ್ನು ಕಾಣುವುದು ಎಲ್ಲಿ? ನೀರಿನ ಕಷ್ಟ ಹೆಚ್ಚು ಗೊತ್ತಿರುವುದು ಮನೆಯ ಹೆಂಗಸರಿಗೆ. ಗಂಡಸರು ಹೇಳಿದವರಿಗೆ ಒತ್ತಿ ಬರುವುದು ಅವರ ಕರ್ತವ್ಯವಲ್ಲ; ಅವರ ಸಾಕ್ಷ್ಯ ಅವರದ್ದೇ.

ಜಮಾಅತ್ ಕಮಿಟಿಯ ಚುನಾವಣೆಗೂ ಈ ಮಾತು ಸಲ್ಲುತ್ತದೆ. ಮಹಾಸಭೆಯಲ್ಲಿ ಎದ್ದು ಲೆಕ್ಕ ಕೇಳಿದ ಯುವಕನನ್ನು “ಸಮುದಾಯ ಒಡೆಯುವವ” ಎಂದು ಕೂರಿಸುವುದು ಬೇಡ. ಅವ ಒಡೆಯಲು ಎದ್ದವನಲ್ಲ, ಅಮಾನತ್ ಕಾಯಲು ಎದ್ದವ. ಅವನಿಗೆ ಉತ್ತರ ಕೊಡಿ, ಲೆಕ್ಕದ ಪುಸ್ತಕ ಅವನ ಮುಂದೆ ಇಡಿ.