ಡಿಗ್ರಿ ಹೆಸರಲ್ಲಿ ‘ಸ್ಪೇಸ್’ ಇರಲೇಬೇಕಾ?

ಪ್ರತಿವರ್ಷ ಸಿಇಟಿ ಆಪ್ಶನ್ ಎಂಟ್ರಿ ಶುರುವಾದರೆ ಸಾಕು, ಊರಿನ ಪಿಯು ಹುಡುಗ ಹುಡುಗಿಯರು ನಮಗೆ ಫೋನ್ ಹಚ್ಚುತ್ತಾರೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಮೇಲಂತೂ ಒಂದು ಪ್ರಶ್ನೆ ಜಾಸ್ತಿಯಾಗಿದೆ. “ಅಣ್ಣಾ, ಇಸ್ರೋಕ್ಕ ಹೋಗಬೇಕಂದ್ರ ಏರೋಸ್ಪೇಸೇ ತಗೋಬೇಕೇನು? ಬೆಂಗಳೂರಾಗ ಮ್ಯಾನೇಜ್‌ಮೆಂಟ್ ಸೀಟ್ ಐತಂತ, ಅಪ್ಪಾರು ಸಾಲ ಮಾಡ್ತೀನಿ ಅಂತಾರ.”

ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀವಿ: ಡಿಗ್ರಿಯ ಹೆಸರಿಗೋಸ್ಕರ ಹೊಲದ ಮೇಲೆ ಸಾಲ ಮಾಡಿಸಬೇಡಿ.

ಇದು ಬರೀ ಸಮಾಧಾನದ ಮಾತಲ್ಲ. ಚಂದ್ರಯಾನ-3ರ ಹೊತ್ತಿಗೆ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಬಿ.ಟೆಕ್ ಓದಿದ್ದು ಕೊಲ್ಲಂನ ಕಾಲೇಜಿನಲ್ಲಿ, ಮೆಕ್ಯಾನಿಕಲ್. ಏರೋಸ್ಪೇಸ್ ಆಮೇಲೆ ಐಐಎಸ್‌ಸಿಯಲ್ಲಿ, ಸ್ನಾತಕೋತ್ತರದಲ್ಲಿ. ಆ ಯೋಜನೆಯ ನಿರ್ದೇಶಕ ಪಿ. ವೀರಮುತ್ತುವೇಲ್ ಮೆಕ್ಯಾನಿಕಲ್ ಡಿಪ್ಲೊಮಾದಿಂದ ಮೇಲೆ ಬಂದವರು. 2025ರ ಜನವರಿಯಲ್ಲಿ ಇಸ್ರೋ ಅಧ್ಯಕ್ಷರಾದ ವಿ. ನಾರಾಯಣನ್ ಕೂಡ ಡಿಪ್ಲೊಮಾದವರೇ. ನಮ್ಮ ಹಾಸನ ಜಿಲ್ಲೆ ಆಲೂರಿನ ಎ.ಎಸ್. ಕಿರಣ್‌ಕುಮಾರ್, ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಇಬ್ಬರೂ ಭೌತಶಾಸ್ತ್ರ ಓದಿದವರು. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ರಾವ್ ಅವರ ತಂಡ ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ.

ಇಸ್ರೋದ ನೇಮಕಾತಿ ಪ್ರಕಟಣೆ ತೆಗೆದು ನೋಡಿ. ಸೈಂಟಿಸ್ಟ್/ಇಂಜಿನಿಯರ್ ‘ಎಸ್‌ಸಿ’ ಹುದ್ದೆಗೆ ಸಾಮಾನ್ಯವಾಗಿ ಕರೆಯುವುದು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್‌ನವರನ್ನು. ಕೇಳುತ್ತಾ ಬಂದಿರುವುದು ಶೇ. 65 ಅಂಕ ಅಥವಾ 6.84 ಸಿಜಿಪಿಎ. ಕಾರಣ ಸರಳ. ಉಪಗ್ರಹದ ಚೌಕಟ್ಟು ಮತ್ತು ಶಾಖ ನಿರ್ವಹಣೆ ಮೆಕ್ಯಾನಿಕಲ್‌ನವರ ಕೆಲಸ, ಸಂಪರ್ಕ ಇಸಿಯವರದು, ಸೌರಫಲಕ ಮತ್ತು ಬ್ಯಾಟರಿ ಎಲೆಕ್ಟ್ರಿಕಲ್‌ನವರದು, ಒಳಗಿನ ಸಾಫ್ಟ್‌ವೇರ್ ಸಿಎಸ್‌ನವರದು. ಉಡಾವಣಾ ವೇದಿಕೆ ಕಟ್ಟಲು ಸಿವಿಲ್‌ನವರೇ ಬೇಕು.

ಹಾಗಂತ ಏರೋಸ್ಪೇಸ್ ಕೆಟ್ಟ ಬ್ರಾಂಚ್ ಅಂತ ನಾವು ಹೇಳ್ತಿಲ್ಲ. ಇಸ್ರೋ ಅಧ್ಯಕ್ಷರಾಗಿದ್ದ ಕೆ. ಶಿವನ್ ಏರೋನಾಟಿಕಲ್ ಓದಿದವರೇ. ಜೆಇಇ ಅಡ್ವಾನ್ಸ್‌ಡ್‌ನಲ್ಲಿ ರ‍್ಯಾಂಕ್ ಬಂದರೆ, 2007ರಲ್ಲಿ ತಿರುವನಂತಪುರದಲ್ಲಿ ಶುರುವಾದ ಐಐಎಸ್‌ಟಿಗೆ ಕಣ್ಣು ಮುಚ್ಚಿ ಹೋಗಿ. ಅದು ಬಾಹ್ಯಾಕಾಶ ಇಲಾಖೆಯದೇ ಸಂಸ್ಥೆ. ರಾಕೆಟ್ ಇಂಜಿನ್, ವಾಯುಚಲನೆ ಅಂದ್ರೆ ನಿದ್ದೆಗೆಡುವಷ್ಟು ಆಸಕ್ತಿ ಇದ್ದು, ಮೆರಿಟ್ ಸೀಟೂ ಸಿಕ್ಕರೆ ತಗೊಳ್ಳಿ. ನಮ್ಮ ತಕರಾರು ಇರುವುದು ಬ್ರೋಶರ್‌ನಲ್ಲಿ ರಾಕೆಟ್ ಚಿತ್ರ ನೋಡಿ ಲಕ್ಷಗಟ್ಟಲೆ ಕಟ್ಟುವುದರ ಬಗ್ಗೆ ಮಾತ್ರ.

ಇನ್ನು ನಮ್ಮ ವಿಷಯಕ್ಕೆ ಬರೋಣ. ದೇವಗಿರಿಯ ಸರ್ಕಾರಿ ಕಾಲೇಜಿರಲಿ, ರಾಣೇಬೆನ್ನೂರಿನ ಎಸ್‌ಟಿಜೆಐಟಿ ಇರಲಿ, ಜಿಲ್ಲೆಯಲ್ಲಿ ಓದುವ ಬಹುತೇಕರು ಇವೇ ಹಳೆಯ ಬ್ರಾಂಚ್‌ಗಳವರು. “ಬ್ರಾಂಚ್ ಯಾವುದಾದ್ರೂ ನಡೀತೈತಿ” ಅಂತ ಜೂನಿಯರ್‌ಗಳಿಗೆ ಹೇಳಿ ನಾವು ಕೈಕಟ್ಟಿ ಕೂತರೆ ಆ ಮಾತಿಗೆ ಅರ್ಥವಿಲ್ಲ. ಹೀಟ್ ಟ್ರಾನ್ಸ್‌ಫರ್ ಪೇಪರನ್ನು ಹಿಂದಿನ ದಿನ ರಾತ್ರಿ ಐದು ಪ್ರಶ್ನೆ ಓದಿ ಪಾಸು ಮಾಡಿದವರಿಗೆ, ಗಾಳಿಯೇ ಇಲ್ಲದ ಕಡೆ ಉಪಗ್ರಹ ತನ್ನ ಶಾಖವನ್ನು ಹೇಗೆ ಹೊರಹಾಕುತ್ತದೆ ಅಂತ ಕೇಳಿದರೆ ಏನು ಹೇಳ್ತಾರೆ? ವಿಕಿರಣವೊಂದೇ ದಾರಿ ಎಂಬ ಉತ್ತರ ಅದೇ ಪುಸ್ತಕದಲ್ಲಿದೆ. ಬಾಹ್ಯಾಕಾಶ ಇಂಜಿನಿಯರಿಂಗ್‌ನ ಅರ್ಧ ಭಾಗ ನಮ್ಮ ಸಿಲಬಸ್‌ನಲ್ಲೇ ಇದೆ. ಉಳಿದ ಅರ್ಧವನ್ನು ಕೈಯಾರೆ ಮಾಡಿ ಕಲಿಯಬೇಕು.

ಎಲ್ಲಿಂದ ಶುರು ಮಾಡೋದು? ಬ್ಯಾಡಗಿಯ ಮೆಣಸಿನಕಾಯಿ ಹೊಲದಿಂದಲೇ ಮಾಡಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ನಮ್ಮ ಜಿಲ್ಲೆಯ ಚಿತ್ರ ತೆಗೆಯುತ್ತವೆ, ಪುಕ್ಕಟೆ ಸಿಗುತ್ತದೆ. ಒಂದು ಪಿಕ್ಸೆಲ್ ಅಂದರೆ 10 ಮೀಟರ್. ಒಂದು ಎಕರೆಗೆ ಸುಮಾರು 40 ಪಿಕ್ಸೆಲ್. ಆದರೆ ನಮ್ಮ ಹಿರಿಯರು ಮೆಣಸಿನಕಾಯಿ ಜೊತೆಗೇ ಉಳ್ಳಾಗಡ್ಡಿ, ಹತ್ತಿ ಹಾಕುತ್ತಾರೆ. ಒಂದೇ ಪಿಕ್ಸೆಲ್ಲಿನಲ್ಲಿ ಮೂರು ಬೆಳೆ! ಇದನ್ನು ಬೇರ್ಪಡಿಸುವುದು ಹೇಗೆ? ಮಳೆಗಾಲದ ಮೋಡ ಅಡ್ಡ ಬಂದರೆ ರೇಡಾರ್ ಉಪಗ್ರಹದ ಚಿತ್ರ ಬಳಸಬಹುದಾ? ತೋಟಗಾರಿಕೆ ಬೆಳೆಗಳನ್ನು ಉಪಗ್ರಹದಿಂದ ಅಂದಾಜು ಮಾಡಲು ಕೇಂದ್ರ ಸರ್ಕಾರ ತಂದ ‘ಚಮನ್’ ಯೋಜನೆಯ ಬೆಳೆಗಳಲ್ಲಿ ಮೆಣಸಿನಕಾಯಿಯೂ ಇತ್ತು. ಚಿತ್ರದಲ್ಲಿ ಕಂಡದ್ದು ಖರೇನಾ ಅಂತ ಹೊಲಕ್ಕೇ ಹೋಗಿ ನೋಡುವ ಅನುಕೂಲ ಬೆಂಗಳೂರಿನ ವಿದ್ಯಾರ್ಥಿಗಿಂತ ನಮಗೆ ಜಾಸ್ತಿ.

ಇಸಿಯವರಿಗೆ ಇನ್ನೊಂದು ಕೆಲಸ. ಕೆಲವು ಸಾವಿರ ರೂಪಾಯಿಯ ಒಂದು ಎಸ್‌ಡಿಆರ್ ಡಾಂಗಲ್, ಅಲ್ಯೂಮಿನಿಯಂ ಕೊಳವೆಯಲ್ಲಿ ನಾವೇ ಮಾಡಿದ ಆಂಟೆನಾ, ಹಾಸ್ಟೆಲ್ ತಾರಸಿ, ಇಷ್ಟಿದ್ದರೆ ಸಾಕು. ರಷ್ಯಾದ ಮೆಟಿಯೊರ್-ಎಂ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕಳಿಸುವ ಚಿತ್ರ ಹಿಡಿಯಬಹುದು. ಹಾವೇರಿಯಿಂದ ಬೆಂಗಳೂರು ಸುಮಾರು 340 ಕಿ.ಮೀ.; ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹಾರುವ ಎತ್ತರ ಸುಮಾರು 400 ಕಿ.ಮೀ. ತಲೆ ಮೇಲೆ ಹಾದುಹೋಗುವಾಗ ಅದು ನಮಗೆ ಬೆಂಗಳೂರಿಗಿಂತ ಬಹಳ ದೂರವೇನಿಲ್ಲ.

ದೊಡ್ಡ ಕಾಲೇಜಿನವರಿಗೆ ಮಾತ್ರ ಇದೆಲ್ಲ ಅಂತೀರಾ? 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋದ ಸ್ಟುಡ್‌ಸ್ಯಾಟ್ ಒಂದು ಕಿಲೋ ಕೂಡ ತೂಗುತ್ತಿರಲಿಲ್ಲ. ಅದನ್ನು ಕಟ್ಟಿದ್ದು ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಒಂದೇ ಕಾಲೇಜಿನ ಕೈಯಲ್ಲಿ ಆಗದ್ದನ್ನು ಏಳು ಕಾಲೇಜು ಸೇರಿ ಮಾಡಿದರು. ಹಾವೇರಿ, ರಾಣೇಬೆನ್ನೂರಿನವರು ಸೇರಿ ಉಪಗ್ರಹ ಬೇಡ, ಒಂದು ಆಂಟೆನಾ ನಿಲ್ಲಿಸೋಕೆ ಆಗಲ್ಲವಾ?

ಹಣದ ನೆಪವೂ ಪೂರ್ತಿ ಸರಿಯಲ್ಲ. ಕೆಎಸ್‌ಸಿಎಸ್‌ಟಿ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತದೆ, ಅರ್ಜಿ ಹಾಕಬೇಕಷ್ಟೆ. ಆದರೆ ನಮ್ಮಲ್ಲಿ ಎಷ್ಟೋ ಜನ ಅದರ ಗೊಡವೆಯೇ ಬೇಡ ಅಂತ ಪ್ರಾಜೆಕ್ಟ್ ಸೆಂಟರ್‌ಗೆ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುತ್ತೇವೆ. ಆ ದುಡ್ಡಿನಲ್ಲೇ ಡಾಂಗಲ್ ಬರುತ್ತಿತ್ತು.

ಅದಕ್ಕೇ ನಮ್ಮ ಒತ್ತಾಯ ಇಷ್ಟು. ಈ ಸೆಮಿಸ್ಟರ್ ಮುಗಿಯುವುದರೊಳಗೆ ಪ್ರತಿ ಬ್ರಾಂಚಿನಿಂದ ಇಬ್ಬಿಬ್ಬರು ಮುಂದೆ ಬನ್ನಿ. ಮಿನಿ ಪ್ರಾಜೆಕ್ಟ್‌ಗೆ ಮೆಣಸಿನಕಾಯಿ ಹೊಲವನ್ನೋ ಆಂಟೆನಾವನ್ನೋ ಆರಿಸಿಕೊಳ್ಳಿ. ವಿಭಾಗದ ಮುಖ್ಯಸ್ಥರನ್ನು ಒಪ್ಪಿಸೋ ಜವಾಬ್ದಾರಿ ಎಲ್ಲರೂ ಸೇರಿ ಹೊರೋಣ. ಮಾರ್ಕ್ಸ್ ಕಾರ್ಡ್‌ನಲ್ಲಿ ಮೆಕ್ಯಾನಿಕಲ್ ಅಂತಲೇ ಇರಲಿ, ಸಿವಿಲ್ ಅಂತಲೇ ಇರಲಿ. ಸಂದರ್ಶನದಲ್ಲಿ “ನೀವು ಏನು ಮಾಡಿದ್ದೀರಿ?” ಅಂತ ಕೇಳಿದಾಗ ತೋರಿಸೋಕೆ ನಮ್ಮ ಕೈಯಲ್ಲಿ ಏನಾದರೂ ಇರಬೇಕು.